ಅಂಗೈಯಗಲದ ಮಂಕು

ತಿಮ್ಮೇಶನ ಎದುರಿಗೆ ಯಾರಾದರೂ ‘ಕಾರು ತೊಳೆಯುವವನು’ ಎಂದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ತೊಳೆಯುವುದು ಬೇರೆ, ಹೊಳಪು ಕೊಡುವುದು ಬೇರೆ ಎಂದು ಹಾಗೆ ಅಂದವರನ್ನು ಕೂರಿಸಿಕೊಂಡು ಪಾಠ ಶುರು ಮಾಡುತ್ತಿದ್ದ. ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್ ಇದ್ದರೆ ಯಾರು ಬೇಕಾದರೂ ಕಾರು ತೊಳೆಯಬಹುದು. ಎಮ್ಮೆ ಮೈ ತೊಳೆದು ಅಭ್ಯಾಸ ಇದ್ದವರಿಗಂತೂ ಇನ್ನೂ ಸಲೀಸು. ಆದರೆ ಬಣ್ಣದ ಮೇಲಿನ ಕಣ್ಣಿಗೆ ಕಾಣದ ಗೀರುಗಳನ್ನು ಮಷಿನ್ನಿನಲ್ಲಿ ತಿಕ್ಕಿ ತೆಗೆದು, ಸೀಟು, ಡ್ಯಾಶ್‌ಬೋರ್ಡು, ಬಾಗಿಲ ಒಳಮೈಗಳ ಸಂದುಗೊಂದುಗಳನ್ನೆಲ್ಲ ಸಣ್ಣ ಬ್ರಶ್ಶಿನಿಂದ ಕೆದಕಿ, ಕೊನೆಗೆ ಇಡೀ ಗಾಡಿಗೆ ಗಾಜಿನಂಥ ಲೇಪ ಹಚ್ಚಿ ನಿಲ್ಲಿಸಬೇಕಾದರೆ ಕಸುಬು ಗೊತ್ತಿರಬೇಕು. ಇದಕ್ಕೆ ಡೀಟೇಲಿಂಗ್ ಅನ್ನುತ್ತಾರೆ ಎಂದು ಅವನು ಪಾಠ ಮುಗಿಸುವ ಹೊತ್ತಿಗೆ ಕೇಳಿದವರ ಕೈಯಲ್ಲಿನ ಚಹಾ ಆರಿ ಹೋಗಿರುತ್ತಿತ್ತು.

ದಾವಣಗೆರೆ ಬೆಳೆಯುತ್ತ ಬೆಳೆಯುತ್ತ ಆವರಗೆರೆಯನ್ನು ಮುಟ್ಟುವ ಕಡೆ, ಹೊಸ ಸೈಟುಗಳ ನಡುವೆ ಅವನ ಶೆಡ್ಡು. ಬೋರ್ಡಿನ ಮೇಲೆ ಡೀಟೇಲಿಂಗ್ ಎಂದು ದಪ್ಪಕ್ಷರದಲ್ಲಿ ಬರೆಸಿದ್ದ. ಅದನ್ನು ಓದಿಕೊಂಡೇ ಒಳಗೆ ಬಂದ ಜನ ವಾಶಿಂಗಿಗೆ ಎಷ್ಟು ಎಂದು ಕೇಳುತ್ತಿದ್ದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದೇ ಉಳಿದದ್ದು ಮದುವೆಯ ಮಾತು. ಬಂದ ಸಂಬಂಧಗಳೆಲ್ಲ ಒಂದೇ ಪ್ರಶ್ನೆಗೆ ಬಂದು ಮುರಿಯುತ್ತಿದ್ದವು. ಹುಡುಗ ಏನು ಮಾಡುತ್ತಾನೆ ಎಂದು ಕೇಳುವುದು, ಇವನು ಪಾಠ ಶುರು ಮಾಡುವುದು, ಅವರು ಕೊನೆಗೆ ‘ಅಂದ್ರೆ ಕಾರು ತೊಳೀತಾರೆ’ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು. ಅಲ್ಲಿಗೆ ಮುಗಿಯಿತು.

ಹರಿಹರದ ಶೋಭಾರಾಣಿಯ ಮನೆಯಲ್ಲಿ ಮಾತ್ರ ಹಾಗಾಗಲಿಲ್ಲ. ಆಕೆ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಬಣ್ಣದ ಪದರ ಕೂದಲೆಳೆಗಿಂತ ತೆಳ್ಳಗಿರುತ್ತದೆ, ಅದರ ಮೇಲೆ ಇನ್ನೊಂದು ತಿಳಿಪದರ ಇರುತ್ತದೆ, ನಮ್ಮ ಕೆಲಸವೆಲ್ಲ ಆ ತಿಳಿಪದರದ ಮೇಲೆಯೇ ನಡೆಯಬೇಕು ಎಂದು ತಿಮ್ಮೇಶ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, ಹಾಗಾದರೆ ತಿಕ್ಕುತ್ತ ತಿಕ್ಕುತ್ತ ಕೆಳಗಿನ ಪದರ ಬಂದುಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದಳು. ಇಷ್ಟು ವರ್ಷದ ಪಾಠದಲ್ಲಿ ಯಾರೂ ಹೀಗೆ ಸಂಶಯ ಕೇಳಿದ್ದಿಲ್ಲ. ತಿಮ್ಮೇಶ ಅಲ್ಲಿಗೇ ಬಿದ್ದ. ಇವಳನ್ನು ಬಿಟ್ಟರೆ ತನಗೆ ಬೇರೆ ಮದುವೆಯೇ ಬೇಡ ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ.

ಹುಡುಗಿಯ ಅಪ್ಪ ಸೂರಪ್ಪನಿಗೂ ಒಪ್ಪಿಗೆಯಿತ್ತು. ಸಾರಥಿ ಎಂಬ ಹಳ್ಳಿಯಲ್ಲಿ ಗದ್ದೆ, ಹರಿಹರದಲ್ಲಿ ಮನೆ ಇಟ್ಟುಕೊಂಡು ಎರಡರ ನಡುವೆ ಕಾರಿನಲ್ಲಿ ಓಡಾಡುವ ನಿಧಾನಸ್ಥ ಮನುಷ್ಯ. ಆದರೆ ಸೂರಪ್ಪನ ತಾಯಿ ಯಲ್ಲಕ್ಕ ಹೂಂ ಅನ್ನದೆ ಆ ಮನೆಯಲ್ಲಿ ಒಲೆಯ ಮೇಲಿನ ಹಾಲೂ ಉಕ್ಕುತ್ತಿರಲಿಲ್ಲ. ಮೊಮ್ಮಗಳನ್ನು ಕಾರು ತೊಳೆಯುವವನಿಗೆ ಕೊಡುವುದೋ ಬಿಡುವುದೋ ಎಂಬುದನ್ನು ಬರುವ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ, ಅಜ್ಜಯ್ಯನ ಗದ್ದುಗೆಯ ಮುಂದೆ ನಿಂತು ಹೇಳುತ್ತೇನೆ ಎಂದು ಮುದುಕಿ ಅಪ್ಪಣೆ ಕೊಡಿಸಿತು. ಅಷ್ಟರೊಳಗೆ ನಮ್ಮ ಗಾಡಿಯನ್ನು ಅವನ ಕೈಗೆ ಕೊಟ್ಟು ನೋಡಿ, ಅದೇನು ಕಸುಬೋ ಗೊತ್ತಾಗಲಿ ಎಂದೂ ಸೇರಿಸಿತು.

ಹೀಗೆ ಸೂರಪ್ಪನ ಕಡುನೀಲಿ ಕಾರು ಶೆಡ್ಡಿಗೆ ಬಂತು. ತಿಮ್ಮೇಶ ಅದರ ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನ ಸಂದಿಯಲ್ಲಿ ಬತ್ತದ ತೌಡು. ಮುಂದಿನ ಸೀಟಿನ ಕೆಳಗೆ ಮೆತ್ತಗಾಗಿ ಮತ್ತೆ ಗಟ್ಟಿಯಾದ ಮಂಡಕ್ಕಿ. ಏಸಿಯ ಕಿಂಡಿಗಳ ತುಂಬ ವಿಭೂತಿ. ಚಾಲೂ ಮಾಡಿದರೆ ಮುಖಕ್ಕೇ ಬಳಿಯುತ್ತಿತ್ತು. ಎಡಗಡೆಯ ಬಾಗಿಲಿನ ಒಳಮೈಗೆ ಯಲ್ಲಕ್ಕನ ಎಲೆಯಡಿಕೆಯ ಕೆಂಪು. ಬೇರೆಯವರಾಗಿದ್ದರೆ ಓಡಿಹೋಗುತ್ತಿದ್ದರು. ತಿಮ್ಮೇಶನಿಗೆ ಒಳಗೊಳಗೇ ಖುಷಿಯಾಯಿತು. ಎಷ್ಟು ಕೊಳೆ ಇರುತ್ತದೋ ಅಷ್ಟು ಹೆಸರು ಬರುತ್ತದೆ ಎಂಬುದು ಅವನ ಲೆಕ್ಕ.

ಬಾನೆಟ್ಟಿನ ನಡುವೆ ಒಂದು ಹಳದಿ ಕಲೆಯಿತ್ತು. ಅರಿಶಿಣ ಬಿದ್ದು, ಬಿಸಿಲಿಗೆ ಒಣಗಿ, ಮತ್ತೆ ಅದರ ಮೇಲೇ ಅರಿಶಿಣ ಬಿದ್ದು, ತಿಳಿಪದರದೊಳಗೆ ಇಳಿದುಹೋದ ಕಲೆ. ಪಕ್ಕದ ಶೆಡ್ಡಿನ ಡೆಂಟಿಂಗ್ ಪೇಂಟಿಂಗ್ ಕೆಲಸದ ನಬೀ ಸಾಬ್ ದಿನವೂ ಒಂದು ಸುತ್ತು ಬಂದು ಇವನ ಕೆಲಸ ನೋಡಿಕೊಂಡು ಹೋಗುವುದು ಪದ್ಧತಿ. ಅವತ್ತು ಬಂದವರು ಕಲೆಯನ್ನು ಬಗ್ಗಿ ನೋಡಿದರು.

“ಇದು ಕೈ ಇದ್ದಂಗೆ ಐತಲ್ಲೋ,” ಎಂದರು. “ತೆಗಿಯೋಕ್ ಮೊದ್ಲು ಜರಾ ಫೋನ್ ಮಾಡಿ ಕೇಳು.”

ಕೈಯಾದರೇನು, ಕಾಲಾದರೇನು, ಕಲೆ ಅಂದರೆ ಕಲೆ ಎಂದು ತಿಮ್ಮೇಶ ನಕ್ಕುಬಿಟ್ಟ. ಕಲೆ ತೆಗೆಯುವವನು ಕಲೆಯ ಯಜಮಾನರನ್ನು ಕೇಳಿಕೊಂಡು ಕೂರಬೇಕೆ? ನಬೀ ಸಾಬ್ ಹೆಚ್ಚು ಹೇಳಲಿಲ್ಲ. ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ, ಅದೇ ತೊಂದರೆಯಾಯಿತು.

ಆ ಕಲೆಗೆ ಒಂದು ಇಡೀ ದಿನ ಹಿಡಿಯಿತು. ಪೇಸ್ಟು ಹಚ್ಚಿ ಮಷಿನ್ ಓಡಿಸಿದರೆ ಸ್ವಲ್ಪ ಮಾಸುತ್ತಿತ್ತು, ಒರೆಸಿ ನೋಡಿದರೆ ಐದು ಬೆರಳೂ ಅಲ್ಲೇ ಇರುತ್ತಿದ್ದವು. ತಿಮ್ಮೇಶ ಹಟಕ್ಕೆ ಬಿದ್ದ. ಊಟಕ್ಕೆ ಎದ್ದವನು ಅರ್ಧಕ್ಕೆ ಬಂದು ಮತ್ತೆ ತಿಕ್ಕಿದ. ಸಂಜೆ ಹೊತ್ತಿಗೆ ಕಿರುಬೆರಳ ತುದಿಯೂ ಮಾಯವಾದಾಗ ಗೆದ್ದವನಂತೆ ಬೆನ್ನು ನೆಟ್ಟಗೆ ಮಾಡಿ ನಿಂತ. ಮಾರನೇ ದಿನ ಲೇಪ ಹಚ್ಚಿ ಒಣಗಿಸಿದ. ಆಮೇಲೆ ಮಗ್ಗಿನಿಂದ ನೀರು ಸುರಿದು ನೋಡಿದ. ನೀರು ನಿಲ್ಲಲೇ ಇಲ್ಲ. ಕೆಸುವಿನ ಎಲೆಯ ಮೇಲೆ ಬಿದ್ದಂತೆ ಗುಂಡುಗುಂಡಾಗಿ ಉರುಳಿ ಹೋಯಿತು.

ಸೀಟನ್ನು ಬಿಚ್ಚಿದಾಗ ಅಡಿಯಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಸಿಕ್ಕಿತ್ತು. ಯಲ್ಲಕ್ಕನದೇ ಇರಬೇಕು ಎಂದು ಗೊತ್ತಾಯಿತು. ಕಪ್ಪಾಗಿತ್ತು, ಮುಚ್ಚಳ ಒಂದು ಕಡೆ ತಗ್ಗು ಬಿದ್ದಿತ್ತು. ಹಾಗೇ ಕೊಡಬಹುದಿತ್ತು. ಆದರೆ ತಿಮ್ಮೇಶನ ಕೈಗೆ ಸಿಕ್ಕ ಮೇಲೆ ಯಾವ ವಸ್ತು ಹಾಗೇ ಉಳಿದೀತು? ತಗ್ಗನ್ನು ಒಳಗಿನಿಂದ ಮೆಲ್ಲಗೆ ತಟ್ಟಿ ಮಟ್ಟ ಮಾಡಿ, ಉಜ್ಜಿ, ಬಂಗಾರದ ಹಾಗೆ ಹೊಳೆಯಿಸಿ ಜೇಬಿಗಿಟ್ಟುಕೊಂಡ.

ಹರಿಹರದ ಮನೆಯಂಗಳದಲ್ಲಿ ಕಾರು ನಿಂತಾಗ ಅಕ್ಕಪಕ್ಕದವರೂ ಹೊರಗೆ ಬಂದರು. ಸೂರಪ್ಪ ತನ್ನ ಕಾರಿನ ಸುತ್ತ ಬೇರೆಯವರ ಕಾರನ್ನು ನೋಡುವವನ ಹಾಗೆ ಸುತ್ತಿದ. ಅದರ ಬಾಗಿಲಲ್ಲಿ ತನ್ನ ಮುಖ ಕಂಡದ್ದೇ ಮೀಸೆ ಸರಿ ಮಾಡಿಕೊಂಡ. ಅವನ ಹೆಂಡತಿ ಒಳಗೆ ಮೂಗು ತೂರಿಸಿ, ತೌಡಿನ ವಾಸನೆ ಪೂರಾ ಹೋಗಿದೆ ಎಂದು ಸಾರಿದಳು. ಶೋಭಾರಾಣಿ ಬಾಗಿಲ ಹತ್ತಿರ ನಿಂತು ನಗುತ್ತಿದ್ದಳು. ಮದುವೆ ನಿಶ್ಚಯವಾದಂತೆಯೇ ಎಂದು ತಿಮ್ಮೇಶನಿಗೆ ಅನ್ನಿಸಿತು. ಅವನು ಸುಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ಯಲ್ಲಕ್ಕನಿಗೆ ಒಪ್ಪಿಸಿದ. ಈ ಡಬ್ಬಿಯನ್ನು ಸೊಸೆಯೇ ಎಲ್ಲೋ ಎಸೆದಿದ್ದಾಳೆ ಎಂದು ಮುದುಕಿ ವರ್ಷದಿಂದ ಜಗಳ ತೆಗೆಯುತ್ತಿತ್ತಂತೆ. ಆದ್ದರಿಂದ ಸೊಸೆಯ ಮುಖವೂ ಅರಳಿತು.

ಯಲ್ಲಕ್ಕ ಡಬ್ಬಿಯನ್ನು ತಿರುವಿ ಮುರುವಿ ನೋಡಿತು.

“ಇದು ನಂದಲ್ಲ,” ಎಂದಿತು. “ನಂದಕ್ಕೆ ಮುಚ್ಚಳದಾಗ ತಗ್ಗಿತ್ತು. ಹೆಬ್ಬೆಟ್ಟು ಅಲ್ಲೇ ಹೋಗಿ ಕೂಡ್ತಿತ್ತು.”

ತಗ್ಗನ್ನು ತಾನೇ ತೆಗೆದೆ ಎಂದು ತಿಮ್ಮೇಶ ಹೆಮ್ಮೆಯಿಂದ ಹೇಳಿದ. ಯಲ್ಲಕ್ಕ ಅವನನ್ನೇ ಒಂದಿಷ್ಟು ಹೊತ್ತು ನೋಡಿ, ಡಬ್ಬಿಯನ್ನು ಸಂಚಿಗೆ ಹಾಕಿಕೊಂಡಿತು. ಆ ನೋಟದಲ್ಲಿ ಏನಿತ್ತು ಎಂದು ನೋಡುವಷ್ಟು ವ್ಯವಧಾನ ನಮ್ಮ ಹುಡುಗನಿಗೆ ಇರಲಿಲ್ಲ.

ಆಮೇಲೆ ತಟ್ಟೆ ಬಂತು. ಹೊರಗೆ ಹೋಗಿ ಬಂದ ಗಾಡಿಗೆ ತಾನೇ ಕೈಯಾರೆ ಅರಿಶಿಣ ಕುಂಕುಮ ಇಡದೆ ಯಲ್ಲಕ್ಕ ಅದನ್ನು ಹತ್ತುವುದಿಲ್ಲ. ಕಲಸಿದ ಅರಿಶಿಣದಲ್ಲಿ ಬೆರಳು ಅದ್ದಿ ಬಾನೆಟ್ಟಿನ ಮೇಲೆ ಎಳೆಯಿತು. ಎಳೆದ ಗೆರೆ ಗೆರೆಯಾಗಿ ನಿಲ್ಲಲಿಲ್ಲ. ತುಂಡಾಗಿ ಗುಂಡಾದ ಹನಿಗಳು ಒಂದರ ಹಿಂದೊಂದು ಇಳಿಜಾರಿನಲ್ಲಿ ಉರುಳಿ ಬಂಪರಿನಿಂದ ನೆಲಕ್ಕೆ ಬಿದ್ದವು. ಮುದುಕಿ ಇನ್ನೊಂದು ಸಲ ಎಳೆಯಿತು. ಅದೂ ಉರುಳಿತು. ಕುಂಕುಮ ಇಟ್ಟರೆ ಪುಡಿ ಮೇಲೆಯೇ ಕೂತಿತು. ಹೊಳೆಯ ಕಡೆಯಿಂದ ಒಂದು ಗಾಳಿ ಬಂದು ಅದನ್ನೂ ಎತ್ತಿಕೊಂಡು ಹೋಯಿತು.

ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ಬಾಯಿ ಮುಚ್ಚಿಕೊಂಡಿರುತ್ತಾನೆ. ತಿಮ್ಮೇಶನಿಗೆ ಬುದ್ಧಿಯೇನೋ ಇತ್ತು, ಆದರೆ ಕಸುಬಿನ ಅಭಿಮಾನ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು. ಅದೇ ಇದರ ವಿಶೇಷ ಎಂದು ಅವನು ವಿವರಿಸಲು ನಿಂತ. ಧೂಳು, ಕೆಸರು, ಹಕ್ಕಿಯ ಹಿಕ್ಕೆ, ಯಾವುದೂ ಇನ್ನು ಈ ಗಾಡಿಗೆ ಅಂಟುವುದಿಲ್ಲ.

“ಯಾವುದೂ ಅಂಟಲ್ಲ?” ಎಂದಿತು ಯಲ್ಲಕ್ಕ.

“ಯಾವುದೂ ಅಂಟಲ್ಲ ಅಜ್ಜಿ. ಮೂರು ವರ್ಷ ಗ್ಯಾರಂಟಿ.”

“ಹಂಗಾದ್ರೆ ಮೂರು ವರ್ಷ ನಾನು ಈ ಗಾಡಿ ಹತ್ತಲ್ಲ.”

ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮುದುಕಿ ಬಾನೆಟ್ಟಿನ ನಡುವೆ ಬೆರಳು ಇಟ್ಟು ತೋರಿಸಿತು. ಇಲ್ಲಿದ್ದದ್ದು ಎಲ್ಲಿ ಎಂದು ಕೇಳಿತು. ಕಲೆ ತಾನೆ, ತೆಗೆದೆ ಎಂದ ತಿಮ್ಮೇಶ.

“ಕಲೆ ಅಲ್ಲಪ್ಪಾ ಅದು. ನಮ್ ಶೋಭಾನ ಕೈ.”

ಆ ಮನೆಗೆ ಹೊಸ ಗಾಡಿ ಬಂದರೆ ಮನೆಮಗಳು ಎಣ್ಣೆಯಲ್ಲಿ ಕಲಸಿದ ಅರಿಶಿಣವನ್ನು ಅಂಗೈಗೆ ಬಳಿದುಕೊಂಡು ಮೊದಲು ಕೈ ಒತ್ತುತ್ತಾಳೆ. ಪ್ರತಿ ಆಯುಧಪೂಜೆಗೆ ಅದೇ ಜಾಗದಲ್ಲಿ, ಅದೇ ಗುರುತಿನ ಮೇಲೆ ಮತ್ತೆ ಒತ್ತುತ್ತಾಳೆ. ಸೂರಪ್ಪ ಇದನ್ನು ಮೆಲ್ಲಗೆ ಹೇಳಿದಾಗ ತಿಮ್ಮೇಶ ಬಾನೆಟ್ಟಿನ ಆ ಖಾಲಿ ಜಾಗವನ್ನು ಬಗ್ಗಿ ನೋಡಿದ. ಯಾವ ಹುಡುಗಿಯ ಕೈ ಹಿಡಿಯಬೇಕೆಂದು ಜೀವ ಬಿಡುತ್ತಿದ್ದನೋ ಅವಳ ಕೈಯನ್ನೇ ಒಂದು ದಿನವೆಲ್ಲ ತಿಕ್ಕಿ ತೆಗೆದಿದ್ದ. ಅದೂ ಊಟ ಬಿಟ್ಟು.

ಯಲ್ಲಕ್ಕ ಒಳಗೆ ಹೋಗುತ್ತ ಒಂದೇ ಮಾತು ಹೇಳಿತು. ನಮ್ಮ ಮನೆಯ ಗುರುತೆಲ್ಲ ಇವನ ಕಣ್ಣಿಗೆ ಕೊಳೆಯಾಗಿ ಕಂಡರೆ, ನಾಳೆ ನಮ್ಮ ಹುಡುಗಿಯನ್ನು ಹೇಗೆ ನೋಡಿಕೊಂಡಾನು ಎಂದಿತು. ಮುದುಕಿ ಗಾಡಿ ಹತ್ತದ ಮೇಲೆ ಉಕ್ಕಡಗಾತ್ರಿಯ ಪ್ರಯಾಣ ನಿಂತಂತೆಯೇ ಆಯಿತು. ಉಕ್ಕಡಗಾತ್ರಿ ನಿಂತರೆ ಮದುವೆಯೂ ನಿಂತಿತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಿಮ್ಮೇಶ ಎರಡು ದಿನ ಮಂಕಾಗಿ ತಿರುಗಿದ. ಆಮೇಲೆ ಒಂದು ಉಪಾಯ ಹೊಳೆಯಿತು, ಅದು ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಪಿ.ಬಿ. ರಸ್ತೆಯ ಒಂದು ಅಂಗಡಿಗೆ ಹೋಗಿ ಹಳದಿ ಅಂಗೈಯ ಸ್ಟಿಕ್ಕರ್ ಮಾಡಿಸಿಕೊಂಡು ಹರಿಹರಕ್ಕೆ ಬಸ್ಸಿನಲ್ಲಿ ಓಡಿದ. ಬಾನೆಟ್ಟಿಗೆ ಅಂಟಿಸಿ ದೂರ ನಿಂತು ನೋಡಿದರೆ ಅವನಿಗೇ ಹೇಗೋ ಅನ್ನಿಸಿತು. ಸೂರಪ್ಪ ಗಲ್ಲ ಕೆರೆದುಕೊಂಡು, ಚುನಾವಣೆ ಇಲ್ಲದ ಹೊತ್ತಿನಲ್ಲಿ ಪ್ರಚಾರದ ಗಾಡಿ ಅಂದುಕೊಳ್ಳುತ್ತಾರೇನೋ ಎಂದ. ಅವನು ಹಾಗೆ ಹೇಳುತ್ತಿರುವಾಗಲೇ ಸ್ಟಿಕ್ಕರಿನ ಹೆಬ್ಬೆರಳು ಮೇಲೆದ್ದಿತು, ಆಮೇಲೆ ತೋರುಬೆರಳು. ತಿಮ್ಮೇಶ ಎಷ್ಟು ಒತ್ತಿದರೂ ಕೈ ನಿಲ್ಲಲಿಲ್ಲ. ಗ್ಯಾರಂಟಿ ಎಂದರೆ ಗ್ಯಾರಂಟಿ. ಅವನ ಲೇಪ ಅವನಿಗೂ ವಿನಾಯಿತಿ ಕೊಡಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಯಲ್ಲಕ್ಕ ಕಿಟಕಿ ಹಾಕಿಕೊಂಡಿತು.

ಅವತ್ತು ಸಂಜೆ ಶೋಭಾರಾಣಿ ಫೋನ್ ಮಾಡಿದಳು. ಬೈಸಿಕೊಳ್ಳಲು ಸಿದ್ಧವಾಗಿ ತಿಮ್ಮೇಶ ಫೋನ್ ಎತ್ತಿದ.

“ನನ್ ಕೈ ತೆಗಿಯೋಕೆ ಎಷ್ಟು ಹೊತ್ತಾಯ್ತು?” ಎಂದು ಕೇಳಿದಳು.

“ಇಡೀ ದಿನ.”

“ಅಷ್ಟು ಗಟ್ಟಿ ಇತ್ತಾ?”

“ಬಾಳ ಗಟ್ಟಿ ಇತ್ರೀ.”

ಆ ಕಡೆಯಿಂದ ನಗು ಕೇಳಿಸಿತು. ತಿಮ್ಮೇಶನಿಗೆ ಹೋದ ಜೀವ ಅರ್ಧ ಬಂದಂತಾಯಿತು. ಅಜ್ಜಿಗೆ ನಿಮ್ಮ ಹೊಳಪಿನ ಮೇಲೆ ಸಿಟ್ಟಿಲ್ಲ ಎಂದು ಅವಳು ಹೇಳಿದಳು. ಒಂದು ಮಾತು ಕೇಳದೇ ತೆಗೆದರಲ್ಲ, ಅದಕ್ಕೆ ಸಿಟ್ಟು. ನೀವು ಹಚ್ಚಿದ್ದನ್ನು ನೀವೇ ತೆಗೆಯಲು ಬರುವುದಿಲ್ಲವೆ ಎಂದು ಕೇಳಿದಳು. ಬರುತ್ತದೆ, ಆದರೆ ಅಷ್ಟು ಜಾಗ ಮಂಕಾಗುತ್ತದೆ, ಬಾನೆಟ್ಟಿನ ನಟ್ಟನಡುವೆ ಎದ್ದು ಕಾಣುತ್ತದೆ, ನೋಡಿದವರು ನನ್ನ ಕೆಲಸಕ್ಕೆ ಏನನ್ನುತ್ತಾರೆ ಎಂದು ತಿಮ್ಮೇಶ ತೊದಲಿದ. ಶೋಭಾರಾಣಿ, ನೋಡಿದವರನ್ನೇ ಮದುವೆಯಾಗುವುದಾದರೆ ಹಾಗೇ ಬಿಡಿ ಎಂದು ಫೋನ್ ಇಟ್ಟಳು.

ಬೆಳಿಗ್ಗೆ ನಬೀ ಸಾಬ್ ಯಥಾಪ್ರಕಾರ ಸುತ್ತು ಬಂದರು. ನಡೆದದ್ದನ್ನೆಲ್ಲ ಕೇಳಿ, ನಾನು ಹೇಳಿದ್ದೆನಲ್ಲ ಎಂಬ ಮಾತನ್ನು ಮಾತ್ರ ಆಡಲಿಲ್ಲ. ತಮ್ಮ ಶೆಡ್ಡಿಗೆ ಹೋಗಿ, ಬಣ್ಣ ಹೊಡೆಯುವ ಮುಂಚೆ ನೀರು ಹಾಕಿ ಉಜ್ಜುವ ನಯವಾದ ಪೇಪರಿನ ಒಂದು ತುಂಡನ್ನು ತಂದು ಅವನ ಅಂಗೈಯಲ್ಲಿಟ್ಟರು. ನಿನ್ನ ಕೈಯಿಂದ ಆಗದಿದ್ದರೆ ನಾನು ಬರಲಾ ಎಂದು ಕೇಳಿದರು. ತಿಮ್ಮೇಶ ಬೇಡ ಎಂದ. ಆ ಹೊಳಪಿನ ಮೇಲೆ ಬೇರೆಯವರು ಪೇಪರ್ ಇಡುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಹರಿಹರದ ಅಂಗಳದಲ್ಲಿ ನಿಂತು ಯಲ್ಲಕ್ಕನನ್ನು ಹೊರಗೆ ಕರೆಸಿದ. ಮುದುಕಿ ಬಂದು ಕಟ್ಟೆಯ ಮೇಲೆ ಕೂತಿತು. ಪಾಠ ಮಾಡುವ ಆಸೆಯನ್ನು ತಿಮ್ಮೇಶ ಗಂಟಲಲ್ಲೇ ಹಿಡಿದ.

“ಅಜ್ಜಿ, ಇಲ್ಲಿ ಒಂದಿಷ್ಟು ಹೊಳಪು ತೆಗೀತೀನಿ. ತೆಗೆದ್ರೆ ಅರಿಶಿಣ ಹಿಡಿತೈತೆ. ಎಲ್ಲಿ ತೆಗೀಲಿ, ಎಷ್ಟಗಲ ತೆಗೀಲಿ, ನೀವೇ ಹೇಳ್ರಿ.”

ಯಲ್ಲಕ್ಕ ಮೊಮ್ಮಗಳ ಕಡೆ ಗಲ್ಲ ತಿರುಗಿಸಿತು. ಶೋಭಾರಾಣಿ ಬಂದು ಬಾನೆಟ್ಟಿನ ಮೇಲೆ ತನ್ನ ಜಾಗದಲ್ಲಿ ಅಂಗೈ ಇಟ್ಟಳು. ಅದರ ಸುತ್ತ ತಿಮ್ಮೇಶ ಟೇಪು ಹಚ್ಚತೊಡಗಿದ. ಹಾಳಾಗುವುದು ಅಷ್ಟೇ ಹಾಳಾಗಲಿ, ಪಕ್ಕಕ್ಕೆ ಒಂದು ಗೀರೂ ಬೀಳಬಾರದು ಎಂಬುದು ಆ ಸ್ಥಿತಿಯಲ್ಲೂ ಬಿಡದ ಬುದ್ಧಿ. ಟೇಪೂ ನೆಟ್ಟಗೆ ಕೂಡಲಿಲ್ಲ. ಸೂರಪ್ಪ ಒಂದು ತುದಿ ಒತ್ತಿ ಹಿಡಿದ, ಅವನ ಹೆಂಡತಿ ಇನ್ನೊಂದು ತುದಿ. ಎಲ್ಲರೂ ಬಾನೆಟ್ಟಿನ ಸುತ್ತ ಬಗ್ಗಿದ್ದರು, ಎಲ್ಲರ ಮುಖವೂ ಅದರೊಳಗೆ ಕಾಣುತ್ತಿತ್ತು.

ತಿಮ್ಮೇಶ ಪೇಪರನ್ನು ನೀರಲ್ಲಿ ಅದ್ದಿ ಮೊದಲ ಸಲ ಎಳೆದ. ಸರ್ರೆಂದು ಸದ್ದಾಯಿತು. ಅವನ ಹಲ್ಲು ಜುಮ್ಮೆಂದವು. ಎಲ್ಲ ಗಾಡಿಗಳಿಂದ ಗೀರು ತೆಗೆದ ಕೈ ಈಗ ತಾನೇ ಗೀರು ಹಾಕುತ್ತಿತ್ತು. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಕಣ್ಣಲ್ಲಿ ನೀರೂ ಬಂತು, ಬಕೆಟ್ಟಿನ ನೀರು ಸಿಡಿಯಿತು ಎಂದು ತೋಳಿನಿಂದ ಒರೆಸಿಕೊಂಡ. ಉಜ್ಜುತ್ತ ಹೋದಂತೆ ಅಲ್ಲಿ ಕಾಣುತ್ತಿದ್ದ ಆಕಾಶ ಹೋಯಿತು, ಅವನ ಮುಖವೂ ಹೋಯಿತು. ಒರೆಸಿ ಟೇಪು ಕಿತ್ತಾಗ ಹೊಳೆಯುವ ನೀಲಿಯ ನಡುವೆ ಅಂಗೈಯಗಲದ ಒಂದು ಮಂಕು ಉಳಿದಿತ್ತು.

ಶೋಭಾರಾಣಿ ಎಣ್ಣೆ ಅರಿಶಿಣವನ್ನು ಅಂಗೈಗೆ ಬಳಿದುಕೊಂಡು ಅಲ್ಲಿ ಒತ್ತಿದಳು. ಕೈ ಎತ್ತಿದಾಗ ಐದು ಬೆರಳೂ ನಿಂತಿದ್ದವು. ಆಗ ಕಿರುಬೆರಳಿನ ತುದಿಯಿಂದ ಒಂದು ಹಳದಿ ಹನಿ ಮಂಕನ್ನು ದಾಟಿ ಹೊಳಪಿನ ಮೇಲೆ ಇಳಿಯತೊಡಗಿತು.

ತಿಮ್ಮೇಶನ ಬಲಗೈ ತಾನಾಗಿಯೇ ಜೇಬಿನ ಬಟ್ಟೆಗೆ ಹೋಯಿತು. ಹೋಗಿ, ಅಲ್ಲೇ ನಿಂತಿತು. ಅವನು ಯಲ್ಲಕ್ಕನ ಕಡೆ ನೋಡಿದ. ಹನಿ ನಿಧಾನವಾಗಿ ಇಳಿಯುತ್ತಿತ್ತು. ಅವನ ಕತ್ತಿನ ನರ ಉಬ್ಬಿತ್ತು. ಕೈ ಮಾತ್ರ ಜೇಬು ಬಿಟ್ಟು ಹೊರಗೆ ಬರಲಿಲ್ಲ. ಕೇಳದೆ ಒರೆಸುವುದಿಲ್ಲ ಎಂದು ಅವನು ನಿಂತದ್ದು ಎಲ್ಲರಿಗೂ ಅರ್ಥವಾಯಿತು.

“ಒರಸ್ಕೋ ಪಾ,” ಎಂದಿತು ಯಲ್ಲಕ್ಕ. “ಅದೊಂದು ಹನಿ ಒರಸ್ಕೋ. ನಿನ್ ಸಂಕಟ ನನ್ ಕೈಲಿ ನೋಡಾಕ್ ಆಗವಲ್ದು.”

ತಿಮ್ಮೇಶ ಹನಿಯನ್ನು ಮಾತ್ರ ಒರೆಸಿದ. ಬಟ್ಟೆಯ ಅಂಚು ಬೆರಳ ಗುರುತಿಗೆ ತಾಗದಂತೆ, ಉಸಿರು ಹಿಡಿದು ಒರೆಸಿದ. ಯಲ್ಲಕ್ಕ ಎದ್ದು ಬಂದು ಆ ಕೈಯ ನಡುವೆ ಕುಂಕುಮ ಇಟ್ಟಿತು. ಕುಂಕುಮವೂ ನಿಂತಿತು. ಸೊಸೆ ಬುತ್ತಿಯ ಗಂಟನ್ನು ಹಿಂದಿನ ಸೀಟಿಗೆ ಇಟ್ಟಳು, ಸೂರಪ್ಪ ಚಾವಿ ಹುಡುಕತೊಡಗಿದ. ಅಜ್ಜಯ್ಯನ ಮುಂದೆ ನಿಂತು ಹೇಳುವ ಮಾತು ಏನಿರಬಹುದೋ ಎಂದು ತಿಮ್ಮೇಶ ಇನ್ನೂ ಅಂಗಳದಲ್ಲೇ ಬಟ್ಟೆ ಹಿಡಿದು ನಿಂತಿದ್ದ.

ಯಲ್ಲಕ್ಕ ಮುಂದಿನ ಸೀಟಿನಲ್ಲಿ ಕೂತು, ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಕಿಟಕಿಯಿಂದ ಅವನ ಕಡೆ ಚಾಚಿತು.

“ಇದರ ಮುಚ್ಚಳಕ್ಕೂ ಮೊದ್ಲಿದ್ದಂಗೆ ತಗ್ಗು ಹಾಕ್ಕೊಡು,” ಎಂದಿತು. “ಗಡಿಬಿಡಿ ಏನಿಲ್ಲ. ಲಗ್ನದೊಳಗೆ ಆದ್ರೆ ಸಾಕು.”

ತಿಮ್ಮೇಶ ಡಬ್ಬಿಯನ್ನು ತೆಗೆದುಕೊಂಡ. ಜೇಬಿಗೆ ಹಾಕಿಕೊಳ್ಳಲು ಹೋದವನು ತಡೆದು, ಮುಚ್ಚಳವನ್ನು ಮತ್ತೆ ಕಿಟಕಿಯ ಹತ್ತಿರ ಹಿಡಿದ.

“ಹೆಬ್ಬೆಟ್ಟು ಇಡ್ರಿ ಅಜ್ಜಿ,” ಎಂದ. “ಎಲ್ಲಿ ಕೂಡ್ತಿತ್ತು ಅಂತ ತೋರಿಸ್ರಿ.”